ಅತಿಥಿ ಬಗ್ಗಬಾರದು

ಮಾರ್ಚ್ 3, ಸೋಮವಾರ

ಈ ಸಲ ಬೋನಸ್ಸಿನ ಬದಲು ಡೈರಿ ಕೊಟ್ಟಿದ್ದಾರೆ. ರಟ್ಟಿನ ಮೇಲೆ ಕಂಪನಿಯ ಮುದ್ರೆ, ಪ್ರತಿ ಪುಟದ ತಳದಲ್ಲಿ ‘ಹೊಸದಾಗಿ ಯೋಚಿಸಿ’ ಎಂಬ ಉಪದೇಶ. ಎರಡು ತಿಂಗಳಿಂದ ಇದನ್ನು ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದೆ. ಇವತ್ತು ಬಂದಿರುವ ಸಿಟ್ಟನ್ನು ಎಲ್ಲಾದರೂ ಕಾರಿಕೊಳ್ಳದಿದ್ದರೆ ಅನ್ನ ಇಳಿಯುವುದಿಲ್ಲ, ಅದಕ್ಕೇ ಎಳೆದುಕೊಂಡೆ. ಮೇಜು ಅಲುಗಾಡಿದರೆ ಅಲುಗಾಡಲಿ.

ಅಕ್ಕನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬೆನ್ನುಮೂಳೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, “ಇನ್ನು ಭಾರ ಎತ್ತಬೇಡಿ, ಬಗ್ಗಬೇಡಿ. ಹೀಗೇ ಬಗ್ತಾ ಇದ್ರೆ ಒಂದು ದಿನ ಎದ್ದು ನಿಲ್ಲೋಕೇ ಆಗಲ್ಲ” ಎಂದರು.

ಅಕ್ಕ ನಕ್ಕುಬಿಟ್ಟಳು. “ಬಗ್ಗದೆ ಇದ್ರೆ ಕೆಲಸ ಹೋಗುತ್ತೆ ಡಾಕ್ಟ್ರೇ. ಕೆಲಸ ಹೋದ್ರೆ ಮಗಳ ಓದು ಹೋಗುತ್ತೆ. ನೀವು ಯಾವುದಕ್ಕೆ ಮಾತ್ರೆ ಕೊಡ್ತೀರ?”

ಡಾಕ್ಟರು ಎರಡು ಬಗೆಯ ಮಾತ್ರೆ ಬರೆದುಕೊಟ್ಟರು.

ನಾನೂ ಅಕ್ಕನೂ ಒಂದೇ ಕಡೆ ಕೆಲಸ ಮಾಡುವವರು. ನಮ್ಮ ಕಂಪನಿಗೆ ಹದಿನಾಲ್ಕು ಹೋಟೆಲುಗಳಿವೆ. ಅವುಗಳ ಚಾದರ, ಟವೆಲ್ಲು ಎಲ್ಲವನ್ನೂ ಒಗೆಯುವುದು ಮುಖ್ಯ ಕಚೇರಿಯ ನೆಲಮಾಳಿಗೆಯ ಲಾಂಡ್ರಿಯಲ್ಲಿ. ಅಲ್ಲಿ ನಾನು ಫಿಟ್ಟರ್. ಕೆಟ್ಟ ಯಂತ್ರ ಸರಿಮಾಡುವವನು. ಅಕ್ಕ ಒದ್ದೆ ಚಾದರ ಎತ್ತುವವಳು. ಒಗೆಯುವ ಯಂತ್ರದಿಂದ ಚಾದರಗಳು ಸೊಂಟದಷ್ಟು ಆಳದ ತಳ್ಳುಗಾಡಿಗೆ ಬಂದು ಬೀಳುತ್ತವೆ. ಹೆಂಗಸರು ಅದರೊಳಕ್ಕೆ ಅರ್ಧ ಮೈ ಇಳಿಸಿ, ಒಂದೊಂದನ್ನೇ ಎತ್ತಿ ಒಣಗಿಸುವ ಯಂತ್ರಕ್ಕೆ ಹಾಕಬೇಕು. ಹನ್ನೊಂದು ವರ್ಷದಿಂದ ನನ್ನ ಅಕ್ಕ ಇದನ್ನೇ ಮಾಡುತ್ತಿದ್ದಾಳೆ. ಹನ್ನೊಂದು ವರ್ಷದಿಂದ ನಾನು ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ಓಡಾಡುತ್ತಿದ್ದೇನೆ. ನನ್ನ ಕಣ್ಣಿಗೆ ಏನು ಮಣ್ಣು ಬಿದ್ದಿತ್ತೋ.

ಮಾರ್ಚ್ 5, ಬುಧವಾರ

ಸೀಮೆಸುಣ್ಣ ಹಿಡಿದು ಗೋಡೆಯ ಮೇಲೆ ಗೀಟು ಹಾಕುತ್ತ ನಿಂತೆ. ಒಂದು ಪಾಳಿಯಲ್ಲಿ ಅಕ್ಕ ಬಗ್ಗಿದ್ದು ಆರುನೂರ ಹನ್ನೆರಡು ಸಲ. ನನ್ನ ಕೈಯಿಂದ ಬಿದ್ದ ಸೀಮೆಸುಣ್ಣ ಎತ್ತಿಕೊಡಲು ಬಗ್ಗಿದ್ದನ್ನು ಸೇರಿಸಿಲ್ಲ.

ಲೆಕ್ಕವನ್ನು ಮೀಸೆ ಮ್ಯಾನೇಜರ್ ಹತ್ತಿರ ತೆಗೆದುಕೊಂಡು ಹೋದೆ. “ಸಾರ್, ಗಾಡೀನೇ ಎತ್ತಿ ಸುರಿಯೋ ಯಂತ್ರ ಸಿಗುತ್ತಂತೆ, ತರಿಸೋಣ” ಎಂದೆ.

“ಸಿಗುತ್ತಪ್ಪ. ಅದರ ಬೆಲೆಗೆ ಇಪ್ಪತ್ತು ಹೆಂಗಸರು ನಾಲ್ಕು ವರ್ಷ ಬಗ್ತಾರೆ. ಜನ ಇಷ್ಟು ಅಗ್ಗಕ್ಕೆ ಸಿಗೋವಾಗ ಯಂತ್ರ ತರೋನಿಗೆ ತಲೆ ಕೆಟ್ಟಿರಬೇಕು. ಬೆಳಿಗ್ಗೆ ಗೇಟಿನ ಹತ್ರ ನಿಂತು ನೋಡು, ಎಷ್ಟು ಜನ ಬಗ್ಗೋಕೆ ಕಾಯ್ತಿರ್ತಾರೆ ಅಂತ.”

ನಾವು ಅಗ್ಗ, ಅದಕ್ಕೆ ಯಂತ್ರ ಬರುವುದಿಲ್ಲ. ಯಂತ್ರ ಬರುವುದಿಲ್ಲ, ಅದಕ್ಕೆ ನಾವು ಅಗ್ಗ. ಹುಚ್ಚು ಬಿಟ್ಟ ಹೊರತು ಮದುವೆಯಿಲ್ಲ, ಮದುವೆಯಾದ ಹೊರತು ಹುಚ್ಚು ಬಿಡುವುದಿಲ್ಲ ಎಂದ ಹಾಗಾಯಿತು.

ಮಾರ್ಚ್ 16, ಭಾನುವಾರ

ಎರಡು ಭಾನುವಾರ ಅಕ್ಕನ ಹಿತ್ತಲಲ್ಲಿ ಕಳೆದೆ. ಹೋಟೆಲಿನವರು ಗುಜರಿಗೆ ಎಸೆದ ಹಾಸಿಗೆಯ ಸ್ಪ್ರಿಂಗುಗಳು, ಹಳೆಯ ತಳ್ಳುಗಾಡಿ, ಒಂದು ಬಾಗಿಲಿನ ಹಲಗೆ. ಹಲಗೆಯನ್ನು ಗಾಡಿಯೊಳಗೆ ಸ್ಪ್ರಿಂಗುಗಳ ಮೇಲೆ ಕೂರಿಸಿದೆ. ತುಂಬಿದಾಗ ಹಲಗೆ ತಳಕ್ಕೆ ಕೂರುತ್ತದೆ. ಖಾಲಿಯಾದಂತೆಲ್ಲ ತಾನೇ ಮೇಲೇಳುತ್ತದೆ. ಬಟ್ಟೆ ಯಾವಾಗಲೂ ಕೈಯ ಮಟ್ಟದಲ್ಲೇ ಇರುತ್ತದೆ, ಬಗ್ಗುವ ಪ್ರಶ್ನೆಯೇ ಇಲ್ಲ.

ಅಕ್ಕನ ಮಗಳು ಚೂಟಿ ಬೋಲ್ಟು ಹಿಡಿದುಕೊಳ್ಳುತ್ತ ಕೂತಿದ್ದಳು. ಹದಿನೇಳು ವರ್ಷ, ನಾಲಿಗೆ ಅವಳ ಅಮ್ಮನದೇ, ತಲೆ ಯಾರದೋ ಗೊತ್ತಿಲ್ಲ. ನಮ್ಮ ವಂಶದ್ದಂತೂ ಅಲ್ಲ. ಪಾಲಿಟೆಕ್ನಿಕ್ ಸೇರುವ ಪರೀಕ್ಷೆಗೆ ಓದುತ್ತಿದ್ದಾಳೆ. “ಮಾವ, ಭಾರ ಒಂದೇ ಕಡೆ ಬಿದ್ರೆ ಹಲಗೆ ಓರೆಯಾಗಿ ಸಿಕ್ಕಿಕೊಳ್ಳಲ್ವಾ?” ಎಂದಳು. ದೊಡ್ಡವರ ಕೆಲಸದಲ್ಲಿ ತಲೆ ಹಾಕಬೇಡ ಎಂದು ಗದರಿಸಿದೆ.

ಮಾರ್ಚ್ 17, ಸೋಮವಾರ

ಓರೆಯಾಗಿ ಸಿಕ್ಕಿಕೊಂಡಿತು. ದಿನಕ್ಕೆ ಹತ್ತಿಪ್ಪತ್ತು ಸಲ ಒದೆಯಬೇಕು, ಅಷ್ಟೇ. ಆದರೂ! ಅಕ್ಕ ಇವತ್ತು ಬಗ್ಗಿದ್ದು ಮೂವತ್ತೊಂಬತ್ತು ಸಲ. ಹೆಂಗಸರೆಲ್ಲ ಸರದಿ ಹಾಕಿ ಬಂದು ಹಲಗೆಯನ್ನು ಒತ್ತಿ ನೋಡಿದರು, ಒತ್ತಿ ನಕ್ಕರು. ಅದಕ್ಕೆ ಪುಣ್ಯಾತ್ಮನ ಗಾಡಿ ಎಂದು ಹೆಸರಿಟ್ಟಿದ್ದಾರೆ. ಸಂಜೆ ಅಕ್ಕ ಮನೆಗೆ ಹೋಗುವಾಗ ನೆಟ್ಟಗೆ ನಡೆಯುತ್ತಿದ್ದಳು. ಅವಳು ನನಗಿಂತ ಎತ್ತರ ಎನ್ನುವುದೇ ನನಗೆ ಮರೆತುಹೋಗಿತ್ತು. ಬೋಲ್ಟು ಹುಡುಕುವ ನೆಪದಲ್ಲಿ ಯಂತ್ರದ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ.

ಮಾರ್ಚ್ 20, ಗುರುವಾರ

ಎಲ್ಲರಿಗೂ ಒಂದೊಂದು ಗಾಡಿ ಮಾಡಿಕೊಡುತ್ತೇನೆ ಎಂದು ಮ್ಯಾನೇಜರಿಗೆ ಹೇಳಿದೆ.

“ಹೆಂಗಸರ ಬೆನ್ನು ಉಳಿದ್ರೆ ಕಂಪನಿಗೇನು ಉಳಿಯುತ್ತೆ? ಅದನ್ನ ಬರ್ಕೊಂಡು ಬಾ, ಆಮೇಲೆ ನೋಡೋಣ.”

ಮೂರು ಸಲ ಬರೆಯಲು ಕೂತೆ. ಏನೂ ಉಳಿಯುವುದಿಲ್ಲ. ಬೆನ್ನು ಹೋದವಳು ಮನೆಗೆ ಹೋಗುತ್ತಾಳೆ, ಗೇಟಿನಿಂದ ಇನ್ನೊಂದು ಬೆನ್ನು ಬರುತ್ತದೆ.

ಮಾರ್ಚ್ 28, ಶುಕ್ರವಾರ

ಏಳನೇ ಮಹಡಿಯಲ್ಲಿ ‘ನವೀನ ಚಿಂತನಾ ಕೇಂದ್ರ’ ಎಂದು ಒಂದಿದೆ. ಅಲ್ಲಿನವರು ಏನು ಮಾಡುತ್ತಾರೆ ಎಂದು ನೆಲಮಾಳಿಗೆಯಲ್ಲಿ ಯಾರಿಗೂ ಗೊತ್ತಿಲ್ಲ. ಕಾಫಿ ಕಪ್ಪುಗಳು ಮಾತ್ರ ತೊಳೆಯಲು ಬಹಳ ಬರುತ್ತವೆ. ಇವತ್ತು ಅದರ ಮುಖ್ಯಸ್ಥೆ ಮೇಡಂ ಫೋಟೋ ತೆಗೆಸಲು ಕೆಳಗೆ ಬಂದಿದ್ದರು. ಗಾಡಿ ನೋಡಿದರು. ಬೆರಳಿಂದ ಹಲಗೆ ಒತ್ತಿದರು, ಅದು ಮೇಲೆದ್ದಿತು. ಮತ್ತೆ ಒತ್ತಿದರು. “ಅಯ್ಯೋ, ಎಷ್ಟು ಚೆನ್ನಾಗಿದೆ! ಯಾರು ಮಾಡಿದ್ದು?” ಎಂದರು. ಹೆಂಗಸರೆಲ್ಲ ನನ್ನನ್ನು ಮುಂದಕ್ಕೆ ನೂಕಿದರು.

ಏಪ್ರಿಲ್ 1, ಮಂಗಳವಾರ

ಇವತ್ತಿನಿಂದ ನಾನೂ ಏಳನೇ ಮಹಡಿ. ಸಂಬಳ ಏಳು ಪಟ್ಟು. ಮಹಡಿ ಎಣಿಸಿಯೇ ಕೊಡುತ್ತಾರೋ ಏನೋ. ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಇನ್ನು ಮುಂದೆ ನನ್ನ ತಲೆಗೆ ಹೊಳೆಯುವುದೆಲ್ಲ ಕಂಪನಿಯದು, ಭಾನುವಾರ ಹೊಳೆದದ್ದೂ, ಸ್ನಾನದ ಮನೆಯಲ್ಲಿ ಹೊಳೆದದ್ದೂ. ಹಿಂದೆ ಹೊಳೆದ ಗಾಡಿಯೂ ಅದರಲ್ಲೇ ಸೇರಿತು.

ನನ್ನ ಹೆಂಡತಿ ಹೊಸ ಅಂಗಿಯ ಕಾಲರ್ ಸರಿಮಾಡುತ್ತ, “ಏನ್ರೀ, ರಾತ್ರಿ ಹನ್ನೆರಡಕ್ಕೆ ಕೊಡೆ ತಂದುಕೊಡ್ಲಾ?” ಎಂದಳು. ಅಲ್ಪನಿಗೆ ಐಶ್ವರ್ಯ ಬಂದ ಗಾದೆ. ನಗಲಿ. ನಾನು ಮೇಲೆ ಹೋಗುತ್ತಿರುವುದೇ ಹತ್ತು ಗಾಡಿ ಮಾಡಿಸಲು. ಅದೊಂದು ಆದರೆ ಸಾಕು, ಮತ್ತೆ ಕೆಳಗೆ ಬಂದು ಸ್ಪ್ಯಾನರ್ ಹಿಡಿಯುತ್ತೇನೆ.

ಏಪ್ರಿಲ್ 9, ಬುಧವಾರ

ಇಲ್ಲಿ ಹನ್ನೊಂದು ಜನ ಇದ್ದಾರೆ. ಒಬ್ಬರೂ ಒದ್ದೆ ಚಾದರ ಮುಟ್ಟಿದವರಲ್ಲ. ಒಬ್ಬಾತ ಅತಿಥಿಯ ಕನಸನ್ನು ಬೆಳಿಗ್ಗೆ ಓದಿ ಹೇಳುವ ದಿಂಬಿನ ಮೇಲೆ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ದಿಂಬಿಗೆ ಇನ್ನೂ ನಿದ್ದೆ ಬಂದಿಲ್ಲ.

ಇವತ್ತು ಯಜಮಾನರ ಮುಂದೆ ‘ಚಪ್ಪಾಳೆ ಪರದೆ’ಯ ಪ್ರದರ್ಶನವಿತ್ತು. ಚಪ್ಪಾಳೆ ತಟ್ಟಿದರೆ ಕಿಟಕಿಯ ಪರದೆ ತಾನಾಗಿ ಸರಿಯುತ್ತದೆ. ಯಜಮಾನರು ತಟ್ಟಿದರು, ಸರಿಯಿತು. ಎಲ್ಲರೂ ತಟ್ಟಿದರು, ಪರದೆ ಗಲಿಬಿಲಿಯಾಗಿ ಹಿಂದೆ ಮುಂದೆ ಓಡಿತು. ಆಮೇಲೆ ಹಿಂಭಾಗಕ್ಕೆ ಹೋಗಿ ನೋಡಿದರೆ ಒಬ್ಬ ಆಸಾಮಿ ಸ್ಟೂಲಿನ ಮೇಲೆ ಹಗ್ಗ ಹಿಡಿದು ಕೂತಿದ್ದಾನೆ!

“ಮೋಟಾರು ಕೂಡಿಸಿದ್ರೆ ದುಬಾರಿ ಆಗುತ್ತೆ. ಇವನು ಅಗ್ಗ” ಎಂದರು ಮೇಡಂ. ಅದಕ್ಕೆ ‘ಮಾನವಾಧಾರಿತ ಸ್ವಯಂಚಾಲನೆ’ ಎಂದು ಹೆಸರು. ಹಗ್ಗದವನು ನನ್ನನ್ನು ನೋಡಿ, “ಸಾರ್, ಒಂದು ಸಲ ತಟ್ಟಿದ್ರೆ ತೆರೆಯೋದೋ ಮುಚ್ಚೋದೋ?” ಎಂದು ಕೇಳಿದ. ಮನೆಗೆ ಬಂದು ಹೆಂಡತಿಗೆ ಹೇಳಿ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಏಪ್ರಿಲ್ 24, ಗುರುವಾರ

ಸಭೆಯಲ್ಲಿ ಹತ್ತು ಗಾಡಿಯ ಮಾತೆತ್ತಿದೆ. ಆರುನೂರ ಹನ್ನೆರಡರ ಲೆಕ್ಕವನ್ನೂ ಹೇಳಿದೆ. ಎಲ್ಲರೂ ಅಯ್ಯೋ ಪಾಪ ಎಂದರು. ಮೇಡಂ ಪೆನ್ನು ಕೆಳಗಿಟ್ಟು, ನಿಜವಾಗಿಯೂ ಮರುಕದಿಂದಲೇ ಮಾತಾಡಿದರು.

“ನೋಡಿ, ನಿಮ್ಮ ಉತ್ತರ ತುಂಬ ಚೆನ್ನಾಗಿದೆ. ಪ್ರಶ್ನೆ ಮಾತ್ರ ತಪ್ಪು ಜಾಗದಲ್ಲಿದೆ. ಆ ಹೆಂಗಸರಿಗೆ ಸಮಸ್ಯೆ ಇದೆ, ದುಡ್ಡಿಲ್ಲ. ನಮ್ಮ ಅತಿಥಿಗಳ ಹತ್ರ ದುಡ್ಡಿದೆ. ಅವರಿಗೊಂದು ಸಮಸ್ಯೆ ಹುಡುಕಿ.”

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಇಲ್ಲಿ ನನ್ನನ್ನೂ ಸೇರಿಸಿ ಹನ್ನೆರಡು ಜನ ಕೂತು ಹಲ್ಲಿಲ್ಲದವರಿಗೆ ಚಿನ್ನದ ಕಡಲೆ ಮಾಡುತ್ತಿದ್ದೇವೆ.

ಮೇ 5, ಸೋಮವಾರ

ಸಮಸ್ಯೆ ಸಿಕ್ಕಿತು. ಅತಿಥಿಗಳು ಸ್ನಾನವಾದ ಮೇಲೆ ಟವೆಲ್ಲನ್ನು ಬುಟ್ಟಿಗೆ ಹಾಕಲು ಬಗ್ಗುತ್ತಾರೆ! ನಾವು ಅಳೆದಿದ್ದೇವೆ: ದಿನಕ್ಕೆ ಸರಾಸರಿ ಒಂದೂವರೆ ಸಲ. (ಅರ್ಧ ಸಲ ಹೇಗೆ ಬಗ್ಗುತ್ತಾರೆ ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ.) ನನ್ನ ಹಲಗೆಯನ್ನೇ ಬುಟ್ಟಿಯೊಳಗೆ ಕೂರಿಸಿದರೆ ಬುಟ್ಟಿಯ ತಳವೇ ಕೈಯ ಹತ್ತಿರ ಬರುತ್ತದೆ. ಅತಿಥಿ ಬಗ್ಗಬಾರದು, ಇದೇ ನಮ್ಮ ಘೋಷವಾಕ್ಯ. ಬರೆದದ್ದು ನಾನೇ.

ಅಳತೆ ತೆಗೆಯಲು ಗಾಡಿ ಬೇಕಂತೆ. ಅಕ್ಕನಿಗೆ ಹೇಳಿದೆ. “ಹತ್ತೇ ದಿನ. ಬುಟ್ಟಿ ಗೆದ್ರೆ ಆ ಲಾಭದಲ್ಲೇ ಎಲ್ಲರಿಗೂ ಗಾಡಿ ಮಾಡಿಸ್ತೀನಿ.”

“ಹತ್ತು ದಿನ ಅಂದ್ರೆ ಆರು ಸಾವಿರ ಸಲ ಕಣೋ” ಎಂದಳು. ಲೆಕ್ಕ ಮಾಡುವುದನ್ನು ನಾನೇ ಕಲಿಸಿದ್ದು, ಯಾರನ್ನು ಬೈಯಲಿ? ಆದರೂ ತಾನೇ ತಳ್ಳಿಕೊಂಡು ಬಂದು ಲಿಫ್ಟಿನ ತನಕ ಬಿಟ್ಟಳು.

ಮೇ 27, ಮಂಗಳವಾರ

ಬುಟ್ಟಿಗೆ ತುಕ್ಕು ಹಿಡಿಯದ ಉಕ್ಕು ಸಾಲದು, ಹಿತ್ತಾಳೆಯ ಅಂಚು ಬೇಕೆಂದು ಯಜಮಾನರ ಅಪ್ಪಣೆಯಾಗಿದೆ. ಇಪ್ಪತ್ತೆರಡು ಕಿಲೋ ತೂಗುತ್ತದೆ. ಕೋಣೆಯಿಂದ ಕೋಣೆಗೆ ಹೊರುವವರಿಗೆ ಭಾರವಾಗಬಹುದು ಎಂದೆ. ಅದು ಬಳಕೆದಾರರ ಅನುಭವದ ವ್ಯಾಪ್ತಿಗೆ ಬರುವುದಿಲ್ಲ ಎಂದು ದಿಂಬಿನವನು ವಿವರಿಸಿದ. ಅವನು ಹೇಳುವುದರಲ್ಲೂ ಅರ್ಥವಿದೆ.

ಜೂನ್ 11, ಬುಧವಾರ

ತುಂಬ ಕೆಲಸ. ಹೊಸ ಕುರ್ಚಿ ಬಂದಿದೆ, ಬೆನ್ನಿಗೆ ಒಳ್ಳೆಯದು.

ಜೂನ್ 22, ಭಾನುವಾರ

ಹೆಂಡತಿಯ ಕಾಟಕ್ಕೆ ಅಕ್ಕನ ಮನೆಗೆ ಹೋಗಿದ್ದೆ. “ಊರಿಗೆ ಉಪಕಾರಿ, ಮನೆಗೆ ಮಾರಿ ಆಗ್ಬೇಡಿ” ಎಂದಳು. ಗಾದೆ ಸರಿಹೊಂದುವುದಿಲ್ಲ, ನಾನು ಮಾಡುತ್ತಿರುವುದೆಲ್ಲ ಯಾರಿಗಾಗಿ?

ಅಕ್ಕ ಗೋಡೆ ಹಿಡಿದು ನಡೆಯುತ್ತಿದ್ದಾಳೆ. ಗಾಡಿ ಎಲ್ಲಿ ಎಂದು ಕೇಳಿದಳು. ಕೆಳಗಿನ ಸ್ವಾಗತಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ದಾರೆ, ಮೇಲೊಂದು ದೀಪ ಬೇರೆ ಹಾಕಿದ್ದಾರೆ, ‘ಮೊದಲ ಮಾದರಿ’ ಎಂದು ಫಲಕ ಇದೆ, ತೆಗೆಯಬೇಕಾದರೆ ಯಜಮಾನರ ಸಹಿ ಬೇಕು ಎಂದು ತಿಳಿಸಿ ಹೇಳಿದೆ. ಇಷ್ಟು ಗೌರವ ನಮ್ಮ ಮನೆತನದಲ್ಲಿ ಯಾರಿಗೂ ಸಿಕ್ಕಿರಲಿಲ್ಲ.

“ಗೌರವ ನನ್ನ ಸೊಂಟಕ್ಕೆ ಕಟ್ಕೊಳ್ಳಲಾ? ಇನ್ನೊಂದು ಮಾಡ್ಕೊಡು. ಇವತ್ತು ಭಾನುವಾರ ತಾನೇ, ಸ್ಪ್ರಿಂಗು ಇಲ್ಲೇ ಇದೆ.”

ಒಪ್ಪಂದದ ವಿಷಯ ಅವಳಿಗೆ ಅರ್ಥವಾಗುವುದಿಲ್ಲ. ನನ್ನ ಕೈ ಈಗ ನನ್ನದಲ್ಲ ಎಂದೆ. ಚೂಟಿ ಪುಸ್ತಕದಿಂದ ತಲೆಯೆತ್ತದೆ, “ಹಾಗಾದ್ರೆ ಮಾವ, ಊಟಕ್ಕೆ ಚಮಚ ಕೊಡ್ಲಾ?” ಎಂದಳು. ಆ ಹುಡುಗಿಗೆ ಸ್ವಲ್ಪ ವಿನಯ ಕಲಿಸಬೇಕು.

ಜುಲೈ 8, ಮಂಗಳವಾರ

ವಿಚಿತ್ರ ನಡೆದಿದೆ. ಲಾಂಡ್ರಿಯಲ್ಲಿ ಅನಧಿಕೃತ ಗಾಡಿಯೊಂದು ಪತ್ತೆಯಾಗಿದೆ ಎಂದು ಕಾವಲಿನವರು ವರದಿ ಕೊಟ್ಟರು. ನಮ್ಮ ಮಾದರಿಯ ನಕಲೋ ಅಲ್ಲವೋ ಎಂದು ನೋಡಿಕೊಂಡು ಬರಲು ಮೇಡಂ ನನ್ನನ್ನೇ ಕಳಿಸಿದರು. ಮೂರು ತಿಂಗಳ ಮೇಲೆ ಕೆಳಗೆ ಇಳಿದೆ. ಅಬ್ಬಾ, ಎಂಥ ಸೆಕೆ! ಮೊದಲೂ ಹೀಗೇ ಇತ್ತೇ?

ಗಾಡಿ ನನ್ನದರ ಹಾಗೇ ಇದೆ, ಆದರೆ ನನ್ನದಲ್ಲ. ಮಾಡಿದವಳು ಚೂಟಿ. ಹಲಗೆಯ ನಾಲ್ಕು ಮೂಲೆಗೂ ಹಳೆಯ ಪರದೆಯ ರಾಟೆ ಹಾಕಿ, ಹಗ್ಗವನ್ನು ಕತ್ತರಿಯ ಹಾಗೆ ಅಡ್ಡಡ್ಡ ಎಳೆದು ಕಟ್ಟಿದ್ದಾಳೆ. ಒಂದು ಮೂಲೆ ಇಳಿದರೆ ಉಳಿದ ಮೂರೂ ಜೊತೆಗೇ ಇಳಿಯಬೇಕು. ಓರೆಯಾಗುವುದೇ ಇಲ್ಲ! ಒಂದೇ ಮೂಲೆಗೆ ಹತ್ತು ಚಾದರ ಹಾಕಿ ನೋಡಿದೆ, ಹಲಗೆ ನೀರಿನ ಹಾಗೆ ಸಮವಾಗಿ ಕೂತಿತು. ಏಳನೇ ಮಹಡಿಯ ಹನ್ನೆರಡು ಜನ ಎರಡು ತಿಂಗಳು ತಲೆ ಕೆಡಿಸಿಕೊಂಡದ್ದು ಇದಕ್ಕೇ. ನಮ್ಮ ಬುಟ್ಟಿಯೂ ಓರೆಯಾಗಿ ಸಿಕ್ಕಿಕೊಳ್ಳುತ್ತಿದೆ.

ಒಂದು ಕ್ಷಣ ನನಗೆ ಎಷ್ಟು ಸಂತೋಷವಾಯಿತೆಂದರೆ, ಅಂಗಿಯ ತೋಳು ಮಡಚಿ ಅಲ್ಲೇ ಮೊಣಕಾಲೂರಿ ಹಗ್ಗ ಎಳೆದು ಎಳೆದು ನೋಡಿದೆ. ಅಕ್ಕ ಪಕ್ಕದಲ್ಲಿ ಬೆನ್ನು ನೇರ ಮಾಡಿ ನಿಂತಿದ್ದಳು. “ಹೇಗಿದೆ ನಿನ್ನ ಸೊಸೆ ಕೆಲಸ?” ಎಂದಳು. ಮ್ಯಾನೇಜರ್ ಹಿಂದಿನಿಂದ, “ಸಾರ್, ಕುರ್ಚಿ ತರಿಸ್ಲಾ?” ಎಂದ. ಎದ್ದು ಪ್ಯಾಂಟು ಕೊಡವಿಕೊಂಡೆ.

ಜುಲೈ 9, ಬುಧವಾರ

ವರದಿ ಬರೆದೆ. ನಕಲು ಹೌದು, ಅದನ್ನು ಅಲ್ಲ ಎಂದರೆ ಸುಳ್ಳಾಗುತ್ತದೆ. ಗಾಡಿಯನ್ನು ಮೇಲೆ ತರಿಸಿದೆವು. ಹಗ್ಗದ ಉಪಾಯವನ್ನು ಬುಟ್ಟಿಗೆ ಅಳವಡಿಸಿದ್ದಾಯಿತು. ಕಂಡುಹಿಡಿದವರ ಹೆಸರು ಬರೆಯುವ ಜಾಗದಲ್ಲಿ ಚೂಟಿಯ ಹೆಸರು ಹಾಕೋಣವೆಂದಿದ್ದೆ. ಅವಳು ಅಪ್ರಾಪ್ತೆ, ಹೊರಗಿನವಳು, ನಾಲ್ಕು ಅರ್ಜಿ ತುಂಬಿಸಬೇಕು ಎಂದರು. ಸದ್ಯಕ್ಕೆ ನನ್ನದು ಹಾಕಿದೆ. ಕುಟುಂಬದೊಳಗೇ ಇರುತ್ತದಲ್ಲ.

ಒಂದು ದೃಷ್ಟಿಯಿಂದ ಅವರಿಗೇ ಒಳ್ಳೆಯದು. ಗುಜರಿ ಗಾಡಿಯಲ್ಲಿ ಯಾರಿಗಾದರೂ ಗಾಯವಾಗಿದ್ದರೆ?

ಜುಲೈ 27, ಭಾನುವಾರ

ಶುಕ್ರವಾರ ಅಕ್ಕ ಗಾಡಿಯೊಳಕ್ಕೆ ಬಗ್ಗಿದವಳು ಏಳಲಿಲ್ಲ. ಇಬ್ಬರು ಹೆಂಗಸರು ಹಿಡಿದೆತ್ತಿ ಮಲಗಿಸಿದರಂತೆ. ನಾನು ಬುಟ್ಟಿಯ ಬಣ್ಣದ ಸಭೆಯಲ್ಲಿದ್ದೆ, ಫೋನು ಬಂದದ್ದು ಗೊತ್ತಾಗಲಿಲ್ಲ. ಇವತ್ತು ಹೋಗಿ ನೋಡಿದೆ. ನೆಲದ ಮೇಲೆ ಅಂಗಾತ ಮಲಗಿದ್ದಾಳೆ. ನನ್ನ ಕಡೆ ತಲೆ ತಿರುಗಿಸಲಿಲ್ಲ, ತಿರುಗಿಸಲು ಆಗುವುದಿಲ್ಲವೇನೋ. ತುಂಬ ಬೇಜಾರಾಯಿತು. ಸಿಬ್ಬಂದಿಗೆ ಸಿಗುವ ರಿಯಾಯಿತಿಯಲ್ಲಿ ಒಂದು ಬುಟ್ಟಿ ಕೊಂಡುಹೋಗಿದ್ದೆ, ಅದು ಬಾಗಿಲಲ್ಲಿ ಹಿಡಿಸಲಿಲ್ಲ.

ಕೆಲಸ ಮಾತ್ರ ಹೋಗಿಲ್ಲ. ನಾನು ಮ್ಯಾನೇಜರಿಗೆ ಒಂದು ಮಾತು ಹೇಳಿದ್ದರಿಂದ ಅಕ್ಕನ ಜಾಗಕ್ಕೆ ಚೂಟಿಯನ್ನೇ ತೆಗೆದುಕೊಂಡಿದ್ದಾರೆ. ಗೇಟಿನ ಹೊರಗೆ ನೂರಾರು ಜನ ಕಾಯುತ್ತಿರುವಾಗ ಇದು ಸಣ್ಣ ಉಪಕಾರವಲ್ಲ. ಪರೀಕ್ಷೆ ಇದ್ದದ್ದು ನಿನ್ನೆ. ಮುಂದಿನ ವರ್ಷ ಬರೆಯಬಹುದು.

ಹೆಂಡತಿಯೂ ಜೊತೆಗಿದ್ದಳು. ಮನೆಗೆ ಬಂದು, “ನೀವು ಕೊಟ್ಟಿದ್ದು ಕೆಲಸ ಅಲ್ಲ, ಅವಳಮ್ಮನ ಬೆನ್ನುನೋವು” ಎಂದಳು. ಇವಳಿಗೆ ಎಲ್ಲದರಲ್ಲೂ ಕೊಂಕು.

ಆಗಸ್ಟ್ 8, ಶುಕ್ರವಾರ

ಬುಟ್ಟಿಗೆ ವರ್ಷದ ಶ್ರೇಷ್ಠ ಆವಿಷ್ಕಾರ ಪ್ರಶಸ್ತಿ! ಯಜಮಾನರು ನನ್ನ ಭುಜದ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಂಡರು. ನನ್ನ ಕಥೆ ಅವರಿಗೆ ಬಹಳ ಮೆಚ್ಚುಗೆಯಾಗಿದೆ: ನೆಲಮಾಳಿಗೆಯಿಂದ ಏಳನೇ ಮಹಡಿಗೆ. ಬುಧವಾರದ ಸಮಾವೇಶದಲ್ಲಿ ನಾನೇ ಭಾಷಣ ಮಾಡಬೇಕಂತೆ. ವಿಷಯ: ‘ಬಡ ಕುಟುಂಬಗಳಿಂದ ಸಂಶೋಧಕರು ಏಕೆ ಬರುತ್ತಿಲ್ಲ?’ ಈ ಬಗ್ಗೆ ನನಗಿಂತ ಚೆನ್ನಾಗಿ ಯಾರು ಹೇಳಬಲ್ಲರು?

ಆಗಸ್ಟ್ 12, ಮಂಗಳವಾರ

ಭಾಷಣ ಸಿದ್ಧ. ಪರದೆಯ ಮೇಲೆ ತೋರಿಸಲು ನಾಲ್ಕು ಚೌಕದ ಒಂದು ಚಿತ್ರ ಮಾಡಿಕೊಟ್ಟಿದ್ದಾರೆ, ಒಂದೊಂದು ಚೌಕಕ್ಕೆ ಒಂದೊಂದು ಕಾರಣ. ಮೂರು ಸುಲಭವಾಗಿ ಹೊಳೆದವು: ದೊಡ್ಡ ಕನಸಿಲ್ಲ, ಸೋಲುವ ಧೈರ್ಯವಿಲ್ಲ, ದೂರದೃಷ್ಟಿಯಿಲ್ಲ. ನಾಲ್ಕನೆಯದು ಮಧ್ಯಾಹ್ನದವರೆಗೂ ಹೊಳೆಯಲಿಲ್ಲ. ಚೌಕ ಖಾಲಿ ಬಿಟ್ಟರೆ ಚೆನ್ನಾಗಿ ಕಾಣುವುದಿಲ್ಲ.

ಆಗ ಚೂಟಿಯ ನೆನಪಾಯಿತು. ಏನೇ ಅನ್ನಿ, ಆ ಹುಡುಗಿಗೆ ತಲೆಯಿದೆ. ಏಳನೇ ಮಹಡಿಯನ್ನೂ ನೋಡಿದ ಹಾಗಾಗುತ್ತದೆ, ನಾಲ್ಕು ಜನರ ಪರಿಚಯವಾಗುತ್ತದೆ, ಬೆಳೆಯುವ ಮಕ್ಕಳಿಗೆ ಇಂಥದ್ದೇ ಬೇಕು. ಕೆಳಗೆ ಫೋನು ಮಾಡಿ, ಐದೇ ನಿಮಿಷ ಕಳಿಸಿಕೊಡಿ ಎಂದೆ.

“ಈಗ ಆಗಲ್ಲ ಸಾರ್, ಲೋಡು ಬಿದ್ದಿದೆ” ಎಂದ ಮ್ಯಾನೇಜರ್. ಯಂತ್ರಗಳ ಗದ್ದಲದಲ್ಲಿ ಅವನು ಯಾರನ್ನೋ ಕೂಗಿದ್ದು, ಯಾರೋ ತಳದಿಂದ ಏನೋ ಹೇಳಿದ್ದು ಕೇಳಿಸಿತು. “ಸಾರ್, ಗಾಡಿಯೊಳಗೆ ಬಗ್ಗಿದ್ದಾಳಂತೆ. ಎದ್ದಮೇಲೆ ಬರ್ತೀನಿ ಅಂತ ಹೇಳ್ತಿದ್ದಾಳೆ.”

ಐದು ಗಂಟೆಯವರೆಗೂ ಕಾದೆ. ಇಂಥ ಅವಕಾಶ ನನಗೆ ಆ ವಯಸ್ಸಿನಲ್ಲಿ ಯಾರು ಕೊಟ್ಟಿದ್ದರು? ನಿಜ ಹೇಳಬೇಕೆಂದರೆ ಮನಸ್ಸಿಗೆ ಸ್ವಲ್ಪ ನೋವೇ ಆಯಿತು. ಅವಳು ಬರಲಿಲ್ಲ.

ನಾಲ್ಕನೇ ಚೌಕದಲ್ಲಿ ‘ಆಸಕ್ತಿಯ ಕೊರತೆ’ ಎಂದು ಬರೆದೆ.